ಅವ್ವ ಕ್ಲಚ್ ಒತ್ತದ ವರ್ಷ

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಇದ್ದದ್ದು ಕಾರಿಗೆ. ತಮಾಷೆಗೆ ಹೇಳುತ್ತಿಲ್ಲ. ರಸ್ತೆಯ ಕಡೆಗಿದ್ದ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತಿದ್ದ ಆ ಕೋಣೆ ಮೊದಲು ಅವ್ವನದಾಗಿತ್ತು. ಅವಳು ತವರಿನಿಂದ ತಂದ ಮರದ ಪೆಟ್ಟಿಗೆ, ಬೀಸುಕಲ್ಲು, ನಮ್ಮಿಬ್ಬರ ಹಾಸಿಗೆ ಎಲ್ಲ ಅಲ್ಲೇ ಇದ್ದವು. ನನಗೆ ಏಳೋ ಎಂಟೋ ವರ್ಷವಾಗಿದ್ದಾಗ ಅಪ್ಪ ಊರು ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರಿಂದ ಹಳೆಯ ಇಂಗ್ಲಿಷ್ ಕಾರನ್ನು ಕೊಂಡು ತಂದರು. ತಂದ ವಾರವೇ ಕೋಣೆಯ ಗೋಡೆ ಒಡೆಸಿ ಎರಡು ರೆಕ್ಕೆಯ ಮರದ ಬಾಗಿಲು ಕೂರಿಸಿದರು, ನೆಲಕ್ಕೆ ಸಿಮೆಂಟು ಹಾಕಿಸಿದರು. ಅವ್ವನ ಪೆಟ್ಟಿಗೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಗೆ ಬಂತು. ಅದರ ಪಕ್ಕದಲ್ಲೇ ನಾವಿಬ್ಬರೂ ಮಲಗತೊಡಗಿದೆವು. ಮಳೆಗಾಲದಲ್ಲಿ ಬಚ್ಚಲಿನ ತೇವ ಚಾಪೆಗೆ ಹತ್ತಿ, ಅವ್ವ ಬೆಳಗ್ಗೆ ಎದ್ದರೆ ಸೊಂಟ ಹಿಡಿದುಕೊಂಡೇ ಒಲೆ ಹೊತ್ತಿಸುತ್ತಿದ್ದಳು. ಕಾರಿಗೆ ಮಾತ್ರ ಎರಡು ಕಂಬಳಿ ಹೊದಿಸಿರುತ್ತಿತ್ತು.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಓವರ್‌ಸಿಯರ್. ಹೊಲ ಉಳುವ ಮನೆತನದಿಂದ ಬಂದು ಪ್ಯಾಂಟು ಹಾಕಿದ ಮೊದಲನೆಯವರು. ಆ ಹೆಮ್ಮೆ ಅವರ ನಡಿಗೆಯಲ್ಲಿ, ಊಟದಲ್ಲಿ, ಕೆಮ್ಮಿನಲ್ಲಿ ಕೂಡ ಇತ್ತು. ಮುದ್ದೆಯನ್ನು ಮನೆಯವರ ಮುಂದೆ ಮಾತ್ರ ಉಣ್ಣುತ್ತಿದ್ದರು; ಯಾರಾದರೂ ಬಾಗಿಲಿಗೆ ಬಂದರೆ ತಟ್ಟೆಯನ್ನು ಅವ್ವನ ಕಡೆ ಸರಿಸಿ ಅನ್ನ ಬಡಿಸು ಎನ್ನುವಂತೆ ಕಣ್ಣಿನಲ್ಲೇ ಹೇಳುತ್ತಿದ್ದರು. ಅವರ ತಾಯಿ, ನಮ್ಮಜ್ಜಿ, ಮನೆಯ ಹಜಾರದಲ್ಲಿ ಕಂಬಕ್ಕೆ ಒರಗಿ ಕೂತು ಎಲ್ಲರನ್ನೂ ನಡೆಸುತ್ತಿದ್ದರು. ಕಾರಿನಲ್ಲಿ ಹೊರಟರೆ ಮುಂದಿನ ಸೀಟು ಅಜ್ಜಿಯದು. ಅವ್ವ ಹಿಂದೆ, ಬುತ್ತಿಯ ಡಬ್ಬಿಯನ್ನೋ ನನ್ನನ್ನೋ ತೊಡೆಯ ಮೇಲಿಟ್ಟುಕೊಂಡು. ಅವ್ವನ ತವರು ಇಲವಾಲ, ಹುಣಸೂರು ರಸ್ತೆಯಲ್ಲಿ ಕಾರಿಗೆ ಅರ್ಧ ಗಂಟೆಯ ದಾರಿ. ಕಾರು ಬಂದ ಮೂರು ವರ್ಷದಲ್ಲಿ ಅದು ಇಲವಾಲಕ್ಕೆ ಹೋದದ್ದು ಒಂದೇ ಸಲ. ಅಲ್ಲಿನ ಧೂಳು ಪೇಂಟಿಗೆ ಒಳ್ಳೆಯದಲ್ಲವಂತೆ.

ಅಪ್ಪನಿಗೆ ಯಾವ ಮೆಕ್ಯಾನಿಕ್ಕಿನ ಮೇಲೂ ನಂಬಿಕೆಯಿರಲಿಲ್ಲ. ಕಾರಿನ ಜೊತೆಗೆ ಬಂದಿದ್ದ ದಪ್ಪ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಓದಿ, ಎಲ್ಲ ರಿಪೇರಿಯನ್ನೂ ತಾವೇ ಮಾಡುತ್ತಿದ್ದರು. ಅದರಲ್ಲಿ ಅವರಿಗೆ ಬಹಳ ಇಷ್ಟದ್ದು ಕ್ಲಚ್ಚಿನ ಎಣ್ಣೆ ಬದಲಿಸುವುದು. ಆ ಕಾರಿನ ಕ್ಲಚ್ಚು ತಂತಿಯಿಂದ ಎಳೆಯುವಂಥದ್ದಲ್ಲ, ಎಣ್ಣೆಯ ಒತ್ತಡದಿಂದ ನಡೆಯುವಂಥದ್ದು. ಬಾನೆಟ್ ಎತ್ತಿದರೆ ಒಂದು ಪುಟ್ಟ ಡಬ್ಬಿ, ಅದರೊಳಗೆ ಬ್ರೇಕಿಗೆ ಹಾಕುವ ಎಣ್ಣೆಯೇ. ಕಾಲಿನಿಂದ ಪೆಡಲ್ ಒತ್ತಿದರೆ ಆ ಎಣ್ಣೆ ಸಣ್ಣ ಕೊಳವೆಯಲ್ಲಿ ಹೋಗಿ ಗೇರ್‌ಬಾಕ್ಸಿನ ಬಳಿ ಕ್ಲಚ್ಚನ್ನು ಬಿಡಿಸುತ್ತಿತ್ತು. ಹೊಸ ಎಣ್ಣೆಗೆ ಜೇನಿನ ಬಣ್ಣ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೇವವೂ ರಬ್ಬರಿನ ಮಸಿಯೂ ಸೇರಿ ಕಷಾಯದ ಹಾಗೆ ಕಪ್ಪಾಗುತ್ತಿತ್ತು. ಅದನ್ನು ಹೊರಗೆ ತೆಗೆದು ಹೊಸದನ್ನು ತುಂಬಲು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಕಾರು ತೊಳೆಯುವ ಮೊದಲು, ಅಪ್ಪ ತೋಳು ಮಡಿಸುತ್ತಿದ್ದರು.

ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಅಪ್ಪ ಗೋಣಿಚೀಲ ಹಾಸಿಕೊಂಡು ಕಾರಿನಡಿ ಮಲಗುತ್ತಿದ್ದರು. ಅಲ್ಲಿದ್ದ ಸಣ್ಣ ನಿಪ್ಪಲ್ಲಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಗಾಜಿನ ಸೀಸೆಯಲ್ಲಿ ಮುಳುಗಿಸಿ, ಸ್ಪ್ಯಾನರಿನಿಂದ ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿ ಕೆಳಗಿನಿಂದಲೇ ಕೂಗುತ್ತಿದ್ದರು. ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತುತ್ತಿದ್ದವಳು ಅವ್ವ. ಬೆನ್ನಿಗೊಂದು ದಿಂಬು, ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಬರಿಗಾಲು.

“ಒತ್ತು!”

“ಒತ್ತಿದೀನಿ.”

“ಹಿಡ್ಕೊ, ಬುಡಬ್ಯಾಡ… ಹಿಡ್ಕೊ… ಹೂಂ, ಬುಡು.”

ಅವರು ನಿಪ್ಪಲ್ ಬಿಗಿ ಮಾಡುವ ಮೊದಲೇ ಇವಳು ಕಾಲು ಎತ್ತಿದರೆ ಎಣ್ಣೆಯ ಬದಲು ಗಾಳಿ ಒಳಗೆ ಹೋಗುತ್ತದೆ. ಗಾಳಿ ಸೇರಿದರೆ ಪೆಡಲ್ ಹತ್ತಿಮೂಟೆಯ ಹಾಗೆ ಮೆತ್ತಗಾಗಿ ಗೇರು ಬೀಳುವುದಿಲ್ಲ. ಹಾಗಾಗಿ ಈ ಒತ್ತು, ಬುಡು ಐವತ್ತು ಅರವತ್ತು ಸಲ ನಡೆಯುತ್ತಿತ್ತು. ಕೋಣೆಯ ಬಾಗಿಲನ್ನು ಮಾತ್ರ ಒಳಗಿನಿಂದ ಅಗುಳಿ ಹಾಕಿರುತ್ತಿದ್ದರು. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತದ್ದನ್ನು ಬೀದಿಯವರು ನೋಡಬಾರದಲ್ಲ. ವರ್ಷದಲ್ಲಿ ಅದೊಂದು ಗಂಟೆ ಅವ್ವ ತನ್ನ ಹಳೆಯ ಕೋಣೆಗೆ ವಾಪಸು ಬರುತ್ತಿದ್ದಳು.

ನನಗೆ ಹನ್ನೊಂದಾಗಿದ್ದ ವರ್ಷ ಅಂಗಡಿಯಲ್ಲಿ ಎಣ್ಣೆ ಸಿಗುವುದು ತಡವಾಗಿ, ಅಪ್ಪ ಆಯುಧಪೂಜೆಯ ಬೆಳಗ್ಗೆಯೇ ಕೆಲಸಕ್ಕೆ ಇಳಿದರು. ಅರ್ಧ ಆಗಿರಬೇಕು, ಎದುರುಮನೆಯ ಮೇಷ್ಟ್ರು ಹಬ್ಬದ ಮಾತಾಡಿಸಲು ಬಂದರು. ಅವ್ವ ಸೀಟಿನಿಂದ ಇಳಿದು ಬಾಗಿಲ ಮರೆಗೆ ನಿಂತಳು. ಅಪ್ಪ ಮೇಷ್ಟ್ರಿಗೆ ಪುಸ್ತಕದ ಚಿತ್ರ ತೋರಿಸಿ ಇಡೀ ಕ್ಲಚ್ಚಿನ ಪಾಠ ಹೇಳಿದರು. ಅವರು ಹೋದ ಮೇಲೆ ಮತ್ತೆ ಮಲಗಿ ‘ಒತ್ತು’ ಎಂದವರು, ಇಳಿದುಹೋಗಿದ್ದ ಮೇಲಿನ ಡಬ್ಬಿಗೆ ಮತ್ತೆ ಎಣ್ಣೆ ತುಂಬುವುದನ್ನೇ ಮರೆತರು. ಸೀಸೆಯ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ ನನಗೆ ಕೊಳವೆಯ ತುದಿಯಲ್ಲಿ ಗುಳ್ಳೆ ಕಾಣಿಸಿತು. ಒಂದು, ಎರಡು, ಆಮೇಲೆ ಸಾಲುಸಾಲಾಗಿ.

“ಅಪ್ಪಾ, ಗುಳ್ಳೆ ಬತ್ತಾ ಅದೆ.”

ಅಪ್ಪ ಎದ್ದು ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ತಳ ಕಾಣುತ್ತಿತ್ತು; ಗಾಳಿ ಹೋದದ್ದು ಅಲ್ಲಿಂದ. ಮುಚ್ಚಳವನ್ನು ಹಾಗೇ ಮುಚ್ಚಿ ಅವ್ವನ ಕಡೆ ತಿರುಗಿದರು.

“ನಾನು ಅನ್ನೋಕ್ ಮುಂಚೆ ಕಾಲು ಎತ್ತುಬುಟ್ಟೆ ಅಲ್ವಾ? ಗಾಳಿ ಒಳಗೋಯ್ತು. ಒಂದು ಪೆಡ್ಲು ಒತ್ತೋಕೂ ಬುದ್ಧಿ ಇಲ್ವೇನೇ ನಿಂಗೆ?”

ಅಷ್ಟರಲ್ಲಿ ಹಜಾರದಿಂದ ಅಜ್ಜಿ ಕೂಗಿದರು, ರಾಹುಕಾಲ ಬರುತ್ತದೆ, ಪೂಜೆ ಮುಗಿಸಿಬಿಡು ಎಂದು. ಇನ್ನರ್ಧ ಗಂಟೆ ಕೂತಿದ್ದರೆ ಗಾಳಿ ತೆಗೆದು ಮುಗಿಸಬಹುದಿತ್ತು. ಅಪ್ಪ ನಿಪ್ಪಲ್ ಬಿಗಿ ಮಾಡಿ, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಪೂಜೆಯ ಮಣೆಯ ಮೇಲಿಟ್ಟರು. ಜಾಕ್, ಸುತ್ತಿಗೆ, ಅವ್ವನ ಈಳಿಗೆಮಣೆ, ನನ್ನ ಪುಸ್ತಕಗಳ ನಡುವೆ ಅದಕ್ಕೂ ಕುಂಕುಮ, ಸೇವಂತಿಗೆ. ಕಾರಿಗೆ ಹಾರ ಹಾಕಿ ಚಕ್ರದಡಿ ನಿಂಬೆಹಣ್ಣು ಇಟ್ಟರು. ಓಡಿಸಿ ತುಳಿಸಲು ಗೇರು ಬೀಳಬೇಕಲ್ಲ; ಕೊನೆಗೆ ಮೇಷ್ಟ್ರನ್ನೇ ಕರೆದು ಇಬ್ಬರೂ ಹಿಂದಿನಿಂದ ತಳ್ಳಿದರು. ನಿಂಬೆಹಣ್ಣು ಪಕ್ಕಕ್ಕೆ ಉರುಳಿತು. ಅಜ್ಜಿ ಅದನ್ನು ಕಾಲಿನಿಂದಲೇ ವಾಪಸು ಚಕ್ರದಡಿ ಸರಿಸಿದರು.

ಎಲೆ ಹಾಕಿ ಹೋಳಿಗೆ ಬಡಿಸುತ್ತಿದ್ದಾಗ ಇಲವಾಲದಿಂದ ಚಿಕ್ಕಣ್ಣ ಬಂದ. ಅವ್ವನ ಅಣ್ಣನ ಹೊಲದಲ್ಲಿ ದುಡಿಯುತ್ತಿದ್ದ ಮನುಷ್ಯ. ಸೈಕಲ್ ತುಳಿದು ಬಂದು ಜಗಲಿಯ ಮೇಲೆ ಕೂತವನಿಗೆ ಮೊದಲು ಉಸಿರೇ ಹೊರಡಲಿಲ್ಲ.

“ದೊಡ್ಡವ್ವಂಗೆ ಬೆಳಗ್ಗಿಂದ ಮಾತು ನಿಂತೋಗದೆ ಕಣಕ್ಕ. ನಿಮ್ಮೆಸ್ರು ಮಾತ್ರ ಅಂತಿದ್ರಂತೆ ರಾತ್ರಿಯೆಲ್ಲ. ಬಾಯಿಗೆ ನೀರು ಬುಡೋಕಾದ್ರೂ ಬಂದ್ಬುಡ್ಲಿ ಅಂತ ಅಣ್ಣಾವ್ರು ಯೋಳ್ ಕಳಿಸವ್ರೆ.”

ಅವ್ವ ಹೋಳಿಗೆಯ ತಟ್ಟೆಯನ್ನು ನೆಲದ ಮೇಲಿಟ್ಟಳು. ಇಲವಾಲದ ಅಜ್ಜಿ ಅವ್ವನ ತಾಯಿ. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಕೂಲಿ ಮಾಡಿ ಸಾಕಿದವಳು. ಅವಳು ಕಣ್ಣು ಮುಚ್ಚುವ ಮೊದಲು ಬಾಯಿಗೆ ಒಂದು ತೊಟ್ಟು ನೀರು ಬಿಡುವುದು, ಅವ್ವನಿಗೆ ಆ ದಿನ ಬೇಕಾಗಿದ್ದುದು ಇಷ್ಟೇ. ಅವಳು ಅಪ್ಪನ ಎಲೆಯ ಮುಂದೆ ಬಂದು ನಿಂತಳು.

“ಕಾರು ತೆಗೀರಿ.”

“ಎಲ್ಲಿ ತೆಗೀಲಿ? ಗೇರು ಬೀಳಲ್ಲ. ನೀನೇ ಗಾಳಿ ತುಂಬಿಟ್ಟಿದ್ದೀಯಲ್ಲ.”

“ಅರ್ಧ ಗಂಟೆ ಕೆಲ್ಸ. ಎಣ್ಣೆ ಇನ್ನೂ ಅರ್ಧ ಸೀಸೆ ಉಳಿದದೆ. ನಾನು ಕೂತು ಒತ್ತೀನಿ, ನೀವು ಬಿಗಿ ಮಾಡಿ.”

ಅಪ್ಪ ಉತ್ತರಿಸುವ ಮೊದಲೇ ಅಜ್ಜಿ ಬಾಯಿ ಹಾಕಿದರು.

“ಪೂಜೆಗಿಟ್ಟ ಆಯುಧಾನ ನಾಳೆ ಪೂಜೆ ಆಗೋಗಂಟ ಯಾರೂ ಮುಟ್ಟಂಗಿಲ್ಲ. ಮನೆಗೆ ಕೇಡು ತರಬ್ಯಾಡ.”

ಅವ್ವ ಅಜ್ಜಿಯ ಕಡೆ ನೋಡಲೂ ಇಲ್ಲ. ಅವಳು ಅಪ್ಪನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

“ಓದ್ ವರ್ಸ ಇದೇ ದಿನ ನಿಮ್ಮ ಸಾಹೇಬ್ರ ಜೀಪು ನಿಂತೋಯ್ತು ಅಂತ ಜವಾನ ಬಂದಾಗ ಇದೇ ಸ್ಪ್ಯಾನರ್ ಎತ್ಕೊಂಡು ಓಡುದ್ರಲ್ಲ, ಆವಾಗ ಕೇಡು ಬರ್ಲಿಲ್ವಾ? ಕುಂಕುಮ ಸಯಿತ ಒರೆಸಿರ್ಲಿಲ್ಲ ನೀವು.”

“ಅದು ನೌಕರಿ ಕಣೇ. ಅದೂ ಇದೂ ಒಂದೇನಾ?”

“ನಮ್ಮವ್ವ ಸಾಯ್ತಾ ಅವಳೆ ಕಣ್ರೀ.”

ಅಪ್ಪ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದರು. ಅವರು ಉಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವರು ಕೆಟ್ಟವರೆಂದು ಊರಿನಲ್ಲಿ ಒಬ್ಬರೂ ಹೇಳುತ್ತಿರಲಿಲ್ಲ, ಎಷ್ಟೋ ಜನರಿಗೆ ಉಪಕಾರ ಮಾಡಿದವರು. ಆದರೆ ಆ ಹೋಳಿಗೆಯನ್ನು ಅವರು ಪೂರ್ತಿ ಉಂಡರು, ಇನ್ನೊಂದನ್ನು ಹಾಕಿಸಿಕೊಂಡರು. ನಾನು ಅವರನ್ನು ಕ್ಷಮಿಸಿಲ್ಲ.

ಅವ್ವ ಪೂಜೆಯ ಮಣೆಯ ಮುಂದೆ ಕೂತು ಆ ಸ್ಪ್ಯಾನರನ್ನು ತೆಗೆದುಕೊಂಡಳು. ಅಜ್ಜಿ ಅಯ್ಯಯ್ಯೋ ಎಂದು ಎದೆ ಹೊಡೆದುಕೊಂಡರು. ಅವ್ವ ಅದನ್ನು ಅಪ್ಪನ ಎಲೆಯ ಪಕ್ಕದಲ್ಲಿಟ್ಟು ನೇರ ಕಾರಿನ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋದೆ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ಒತ್ತಿದಳು. ಮೆತ್ತಗಿದ್ದ ಪೆಡಲ್ ಸುಮ್ಮನೆ ನೆಲಕ್ಕೆ ಹೋಯಿತು.

“ಒತ್ತಿದೀನಿ, ಬನ್ನಿ,” ಎಂದು ಒಳಗಿನವರಿಗೆ ಕೇಳುವಂತೆ ಕೂಗಿದಳು.

ಯಾರೂ ಬರಲಿಲ್ಲ. ಅವಳು ಬಿಟ್ಟು ಮತ್ತೆ ಒತ್ತಿದಳು. “ಒತ್ತಿದೀನಿ.” ಮತ್ತೆ ಒತ್ತಿದಳು. ಬೀದಿ ಬಾಗಿಲು ಪೂರಾ ತೆರೆದಿತ್ತು, ಹಬ್ಬದ ಜನ ಓಡಾಡುತ್ತಿದ್ದರು, ಮೇಷ್ಟ್ರ ಹೆಂಡತಿ ಗೇಟಿನ ಬಳಿ ನಿಂತು ನೋಡುತ್ತಿದ್ದರು. ಒಳಗೆ ಅಪ್ಪ ಕೈ ತೊಳೆದ ನೀರಿನ ಸದ್ದು ಕೇಳಿತು. ಆಮೇಲೆ ಮಣೆಯ ಮೇಲೆ ಕಬ್ಬಿಣ ಇಟ್ಟ ಸದ್ದು. ಅವರು ಸ್ಪ್ಯಾನರನ್ನು ಪೂಜೆಗೆ ವಾಪಸು ಇಟ್ಟಿದ್ದರು. ಅವ್ವನಿಗೂ ಅದು ಗೊತ್ತಾಯಿತು. ಅವಳು ಇಳಿದು ನನ್ನ ಕೈ ಹಿಡಿದು, ಉಟ್ಟ ಸೀರೆಯಲ್ಲೇ ಬೀದಿಗೆ ನಡೆದಳು.

ಚಿಕ್ಕಣ್ಣ ಆಗಲೇ ಸೈಕಲ್ ಹತ್ತಿ ವಾಪಸು ಹೋಗಿದ್ದ. ಅವತ್ತು ಯಾವ ಗಾಡಿಯೂ ಹೊರಡುವಂತಿರಲಿಲ್ಲ. ಬಸ್ಸುಗಳಿಗೆ ಬಾಳೆಕಂಬ ಕಟ್ಟಿ ನಿಲ್ಲಿಸಿದ್ದರು. ಜಟಕಾ ಸ್ಟ್ಯಾಂಡಿನಲ್ಲಿ ಕುದುರೆಗಳ ಹಣೆಗೆಲ್ಲ ಅರಿಶಿನ, ಕೊರಳಿಗೆ ಚೆಂಡುಹೂ. ಕೇಳಿದ ಮೂವರೂ ಪೂಜೆಯಾಯಿತು, ಗಾಡಿ ಕಟ್ಟುವುದಿಲ್ಲ ಎಂದರು. ನಾಲ್ಕನೆಯವರು ಗಫೂರ್ ಸಾಬರು, ವಯಸ್ಸಾದವರು, ಹಲಗೆಯ ಮೇಲೆ ಕೂತು ಬೀಡಿ ಸೇದುತ್ತಿದ್ದರು.

“ನಮ್ದು ಗಾಡಿಗೂ ಧಣಿ ಪೂಜೆ ಮಾಡವ್ರೆ ಅಮ್ಮಾ. ಇವತ್ತು ಕಟ್ಟುದ್ರೆ ಬೈತಾರೆ.”

“ನಮ್ಮವ್ವ ಸಾಯ್ತಾ ಅವಳೆ ಸಾಬ್ರೇ. ಇಲವಾಲ.”

ಅವರು ಬೀಡಿ ಎಸೆದು ಎದ್ದರು.

“ತಾಯಿ ಅಂದ್ಮೇಲೆ ಇನ್ನೇನ್ ಕೇಳೋದು? ಹತ್ತಿ, ಹತ್ತಿ. ಮಗೂನ ಮುಂದೆ ಕೂರಿಸ್ಕೊಳ್ಳಿ.”

ಎದುರಿನಿಂದ ಮರುದಿನದ ಜಂಬೂಸವಾರಿ ನೋಡಲು ಊರೂರಿನ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಲೇ ಇದ್ದರು. ದಾರಿ ಬಿಡಿಸಿಕೊಳ್ಳುವುದೇ ಒಂದು ಕೆಲಸವಾಯಿತು. ಅವ್ವ ಇಡೀ ದಾರಿ ಬಲಗೈಯಿಂದ ಜಟಕಾದ ಪಟ್ಟಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು. ಅವಳ ಎಡಗಾಲು ಆಗಾಗ ಹಲಗೆಯನ್ನು ಒತ್ತುತ್ತಿತ್ತು. ಅದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ನಾವು ಇಲವಾಲ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮನೆಯ ಮುಂದೆ ಆಗಲೇ ಬೆಂಕಿ ಹಾಕಿದ್ದರು. ಒಂದು ಗಳಿಗೆ ಮುಂಚೆ ಬಂದಿದ್ದರೆ ಆಗುತ್ತಿತ್ತು ಎಂದು ಮಾವ ಅಳುತ್ತಾ ಹೇಳಿದರು. ಒಂದು ಗಳಿಗೆ ಅಂದರೆ ಅರ್ಧ ಗಂಟೆಗೂ ಕಮ್ಮಿ. ಅವ್ವ ಒಂದು ಚೆಂಬಿನಲ್ಲಿ ನೀರು ತಂದು, ಮುಚ್ಚಿಹೋಗಿದ್ದ ಆ ಬಾಯಿಗೆ ಚಮಚದಲ್ಲಿ ಬಿಟ್ಟಳು. ನೀರು ಕೆನ್ನೆಯ ಮೇಲೆ ಇಳಿದು ದಿಂಬಿಗೆ ಹೋಯಿತು. ಅವಳು ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು. ಹೆಂಗಸರು ಕೈ ಹಿಡಿದು ನಿಲ್ಲಿಸಬೇಕಾಯಿತು.

ಮರುದಿನ ಮಣ್ಣು ಮಾಡುವ ಹೊತ್ತಿಗೆ ಅಪ್ಪ ಕಾರಿನಲ್ಲಿ ಬಂದರು. ಬೆಳಗ್ಗೆ ಮರುಪೂಜೆ ಮುಗಿಸಿ, ಮೇಷ್ಟ್ರನ್ನು ಪೆಡಲ್ ಒತ್ತಲು ಕೂರಿಸಿಕೊಂಡು ಗಾಳಿ ತೆಗೆದಿದ್ದರಂತೆ. ಬಾನೆಟ್ಟಿನ ಮೇಲೆ ಹಿಂದಿನ ದಿನದ ಹಾರ ಹಾಗೇ ಇತ್ತು. ಸಾವಿನ ಮನೆಯ ಮುಂದೆ ಮಕ್ಕಳೆಲ್ಲ ಕಾರನ್ನು ಮುತ್ತಿಕೊಂಡರು. ಜಗಲಿಯ ಮೇಲಿದ್ದ ಮುದುಕರೊಬ್ಬರು ಮಾವನಿಗೆ ಹೇಳಿದರು:

“ಏನೇ ಅನ್ನು ಕಣಪ್ಪ, ನಿಮ್ಮವ್ವ ಪುಣ್ಯ ಮಾಡಿದ್ಲು. ಮಣ್ಣಿಗೆ ಅಳಿಯ ಕಾರಲ್ಲೇ ಬಂದವ್ನೆ.”

ಅವ್ವ ಅದನ್ನು ಕೇಳಿಸಿಕೊಂಡಳು. ತಿಥಿ ಮುಗಿಯುವವರೆಗೂ ಅಲ್ಲೇ ಇದ್ದು ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ವಾಪಸು ಬಂದಳು. ಬಂದ ಮೇಲೆ ಎಲ್ಲ ಮೊದಲಿನ ಹಾಗೇ. ಮುದ್ದೆ, ಸಾರು, ಅಜ್ಜಿಗೆ ಬಿಸಿನೀರು, ಅಪ್ಪನಿಗೆ ಇಸ್ತ್ರಿ. ಮನೆಯಲ್ಲಿ ಜಗಳವಿರಲಿಲ್ಲ. ಆದರೆ ಒಂದು ವರ್ಷದಲ್ಲಿ ಅವ್ವ ಅಪ್ಪನಿಗೆ ತಾನಾಗಿ ಹೇಳಿದ ಮಾತು ಹತ್ತಿದ್ದರೆ ಹೆಚ್ಚು. ಇಬ್ಬರ ನಡುವೆ ಓಡಾಡಿ, ಅವ್ವ ಹೇಳದ್ದನ್ನು ಹೇಳಿದಳೆಂದು, ಅಪ್ಪ ಕೇಳದ್ದನ್ನು ಕೇಳಿದರೆಂದು ಸುಳ್ಳು ಜೋಡಿಸಿ ಮನೆ ನಡೆಸುವುದನ್ನು ನಾನು ಕಲಿತದ್ದು ಆಗಲೇ. ಜಾಣೆ ಎಂದು ಹೊಗಳಿಸಿಕೊಂಡೆ. ಆಮೇಲೆ ಗಂಡನ ಮನೆಯಲ್ಲೂ, ನೌಕರಿಯಲ್ಲೂ ಅದೇ ಜಾಣತನ ಮಾಡಿಕೊಂಡು ಬಂದೆ. ಈಗ ಅದನ್ನು ನೆನೆಸಿಕೊಂಡರೆ ನನಗೇ ಅಸಹ್ಯವಾಗುತ್ತದೆ.

ಮುಂದಿನ ವರ್ಷ ಆಯುಧಪೂಜೆಗೆ ಎರಡು ದಿನವಿದ್ದಾಗ ಅಪ್ಪ ಎಣ್ಣೆಯ ಸೀಸೆ ತಂದು ಕಿಟಕಿಯಲ್ಲಿಟ್ಟರು. ಬೆಳಗ್ಗೆ ಬೇಗ ಮುಗಿಸೋಣ ಎಂದರು. ಅವ್ವ ಕಾಳು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು:

“ನಾನು ಕೂರಲ್ಲ. ನಿಮ್ಮ ಸಾಹೇಬ್ರನ್ನ ಕರ್ಕೊಂಡ್ಬನ್ನಿ, ಒತ್ತಲಿ.”

ಅಪ್ಪ ಕೇಳಿಸದವರಂತೆ ಎದ್ದುಹೋದರು. ಮರುದಿನ ಬೆಳಗ್ಗೆ ಗೋಣಿಚೀಲ ಹಾಸಿ, ಕೊಳವೆ ಸಿಕ್ಕಿಸಿ, ಕಾರಿನಡಿ ಮಲಗಿ ಕೂಗಿದರು. ಅಡುಗೆಮನೆಯಲ್ಲಿ ಅವ್ವ ರುಬ್ಬುತ್ತಿದ್ದಳು. ಮತ್ತೆ ಕೂಗಿದರು. ರುಬ್ಬುವ ಗುಂಡು ತಿರುಗುತ್ತಲೇ ಇತ್ತು. ಮೂರನೆಯ ಸಲ ಕೂಗಿದಾಗ ಅಜ್ಜಿ “ಕಿವುಡಾದ್ಲಾ ಇವಳು?” ಎಂದರು, ಆದರೆ ಅವರ ದನಿಯೂ ಸಣ್ಣದಾಗಿತ್ತು. ಈ ಸಲ ಬೇರೆ ಯಾರನ್ನಾದರೂ ಕರೆದರೆ, ಮನೆಯಲ್ಲಿದ್ದೂ ಹೆಂಡತಿ ಬರಲಿಲ್ಲವೆಂದು ಬೀದಿಗೆ ಗೊತ್ತಾಗುತ್ತದೆ. ಅಪ್ಪ ಕೆಳಗೆ ಮಲಗಿ ಕಾಯುತ್ತಿದ್ದರು, ಅವ್ವ ರುಬ್ಬುತ್ತಿದ್ದಳು. ಇನ್ನೊಂದು ಕಾಲು ಗಂಟೆ ಹಾಗೇ ಹೋಗಿದ್ದರೆ ಅವರು ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಏನಾದರೂ ಹೇಳಲೇಬೇಕಾಗುತ್ತಿತ್ತು. ಹೊಡೆಯುತ್ತಿದ್ದರೋ, ತಪ್ಪಾಯಿತು ಎನ್ನುತ್ತಿದ್ದರೋ. ಅವ್ವ ಒಂದು ವರ್ಷ ಕಾದದ್ದು ಆ ಕಾಲು ಗಂಟೆಗೆ ಎಂದು ನನಗೆ ಹೊಳೆಯಲು ಮುಪ್ಪು ಬರಬೇಕಾಯಿತು.

ನಾನು ಹೋಗಿ ಬಾಗಿಲಿನ ಅಗುಳಿ ಹಾಕಿ, ಸೀಟಿನಲ್ಲಿ ಕೂತು, ಬೆನ್ನಿಗೆ ದಿಂಬು ಇಟ್ಟುಕೊಂಡೆ. ಯಾರೂ ಕರೆಯಲಿಲ್ಲ, ನಾನಾಗಿಯೇ ಹೋದೆ. ಮನೆಯಲ್ಲಿ ಇನ್ನೊಂದು ರಂಪ ಬೇಡ ಎಂದು ಹೋದೆ. ಹತ್ತುವಾಗ ಅಪ್ಪನಿಗೆ ನನ್ನ ಕಾಲು ಕಂಡಿರಬೇಕು. “ಒತ್ತವ್ವ” ಎಂದರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಐದಾರು ಸಲ ಆದ ಮೇಲೆ, ನಿಮ್ಮವ್ವನಿಗಿಂತ ನೀನೇ ವಾಸಿ ಎಂದರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಬರೆಯಲಾರೆ, ತುಂಬಾ ಖುಷಿಯಾಯಿತು.

ರುಬ್ಬುವ ಸದ್ದು ನಿಂತಿತ್ತು. ತಲೆ ಎತ್ತಿದರೆ ಒಳಬಾಗಿಲಲ್ಲಿ ಅವ್ವ, ಮೊಣಕೈವರೆಗೆ ಹಿಟ್ಟು. ಅವಳು ನನ್ನನ್ನು ನೋಡಿದಳು, ನನ್ನ ಕಾಲನ್ನು ನೋಡಿದಳು. ಬೈಯಲಿಲ್ಲ. ಬಹಳ ಮೆಲ್ಲಗೆ, ಬೇಡಿಕೊಳ್ಳುವ ಹಾಗೆ ಹೇಳಿದಳು:

“ಎದ್ದು ಬಾ ಮಗಾ.”

ನನ್ನ ಕಾಲಡಿ ಪೆಡಲ್ ನೆಲ ಮುಟ್ಟಿತ್ತು. ಕೆಳಗೆ ಸ್ಪ್ಯಾನರ್ ಇನ್ನೂ ತಿರುಗುತ್ತಿತ್ತು. ನಾನು ಅವಳ ಮುಖ ನೋಡಿಕೊಂಡೇ ಹೇಳಿದೆ:

“ಅಪ್ಪ ಇನ್ನೂ ಬುಡು ಅಂದಿಲ್ಲ ಕಣವ್ವ.”